ಶನಿವಾರದ ಅಣ್ಣ

ತನಗೆ ಸಿಟ್ಟು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದು ಶೈಲಜಾಳ ಗುಟ್ಟಿನ ಚಿಂತೆ. ಎದುರಿಗಿದ್ದವರು ಏನೋ ಅಂದುಬಿಡುತ್ತಾರೆ, ಇವಳು ನಕ್ಕು ತಲೆಯಾಡಿಸುತ್ತಾಳೆ. ಸಿಟ್ಟು ಏರುವಷ್ಟರಲ್ಲಿ ಅಂದವರು ಮನೆ ಸೇರಿ, ಉಂಡು, ಕೈ ತೊಳೆದುಕೊಂಡಿರುತ್ತಾರೆ. ಆಮೇಲೆ ಡೈರಿಯೊಂದೇ ಗತಿ. ಆ ಶನಿವಾರವೂ ಬರೆದಳು: ‘ಇವತ್ತೂ ನಕ್ಕುಬಿಟ್ಟೆ. ನನ್ನ ಮುಖಕ್ಕೆ ಏನು ರೋಗ?’

ನಕ್ಕಿದ್ದು ಕನಕರಾಜನ ಮಾತಿಗೆ.

ಚಿಕ್ಕಬಳ್ಳಾಪುರದಲ್ಲಿ, ಕಾಲೇಜಿಗೆ ಹೋಗುವ ದಾರಿಯಲ್ಲಿ ರೂಪಕ್ಕನ ಟೀ ಅಂಗಡಿ. ಅದರ ಮೇಲಿನ ತಾರಸಿಯಲ್ಲಿ ಪ್ರತಿ ಶನಿವಾರ ನಾಲ್ಕಕ್ಕೆ ಹಾಡು ಶುರು. ಹಳೇ ಫ್ಲೆಕ್ಸುಗಳನ್ನು ಹೊಲಿದು ಕಟ್ಟಿದ ನೆರಳು, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ನರ್ಸಿಂಗ್ ಹುಡುಗಿಯರು, ಇಂಜಿನಿಯರಿಂಗ್ ಹುಡುಗರು, ದ್ರಾಕ್ಷಿ ತೋಟದ ಲೆಕ್ಕ ಬರೆಯುವ ಒಬ್ಬ ನಿವೃತ್ತ ಮೇಷ್ಟ್ರು ಎಲ್ಲರೂ ಬರುತ್ತಾರೆ. ಚೀಟಿ ಬರೆದು ಕೊಟ್ಟರೆ ಕನ್ನಡವೋ ತೆಲುಗೋ, ಕೇಳಿದ ಹಾಡು ಸಿಗುತ್ತದೆ. ಕೀಬೋರ್ಡಿಗೆ ಕನಕರಾಜ್. ತಾಳಕ್ಕೆ ಮಧುಸೂದನ್; ಮರದ ಪೆಟ್ಟಿಗೆಯೊಂದರ ಮೇಲೆ ಕಾಲು ಅಗಲಿಸಿ ಕೂತು, ಅದನ್ನೇ ಬೆರಳುಗಳಿಂದ ಬಡಿಯುತ್ತಾನೆ.

ಮಧು ಚಿಂತಾಮಣಿಯವನು. ಡಿಗ್ರಿಯಲ್ಲಿ ಶೈಲಜಾಳಿಗೆ ಎರಡು ವರ್ಷ ಸೀನಿಯರ್, ಈಗ ಅದೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಶೈಲಜಾ ಶಿಡ್ಲಘಟ್ಟದಿಂದ ಶನಿವಾರ ಮೇಷ್ಟ್ರ ಕೆಲಸದ ಟಿಇಟಿ ಪರೀಕ್ಷೆಯ ಕೋಚಿಂಗಿಗೆ ಬರುತ್ತಿದ್ದಳು. ಕೋಚಿಂಗ್ ಮುಗಿಯುತ್ತಿದ್ದದ್ದು ಮೂರೂವರೆಗೆ. ಮನೆಯಲ್ಲಿ ಆರು ಗಂಟೆ ಎಂದಿದ್ದಳು.

ನಡುವಿನ ಆ ಹೊತ್ತು ಪೂರ್ತಿ ಅವಳದ್ದು.

ಹಾಡಿನ ಮಧ್ಯೆ ಮಧು ಬೇಕೆಂದೇ ಒಂದು ಪೆಟ್ಟು ಬಿಟ್ಟುಬಿಡುತ್ತಿದ್ದ. ಆ ಖಾಲಿಯಲ್ಲಿ ಅವಳತ್ತ ನೋಡುತ್ತಿದ್ದ. ಎಡಗಣ್ಣಿನ ಹುಬ್ಬು ಒಂದಿಷ್ಟೇ ಏಳುತ್ತಿತ್ತು. ಅವಳು ತಕ್ಷಣ ಟೀ ಲೋಟದೊಳಗೆ ಇಣುಕುತ್ತಿದ್ದಳು, ಅಲ್ಲಿ ಇರುವೆ ಬಿದ್ದಿದೆಯೇನೋ ಎಂಬಂತೆ. “ನೀನು ಬರ್ದೇ ಇದ್ರೆ ತಾಳ ಓಡ್ಬಿಡ್ತದೆ ಕಣೇ,” ಎಂದಿದ್ದ ಒಮ್ಮೆ. ಭಾನುವಾರ ಬೈಕಿನಲ್ಲಿ ಕೈವಾರಕ್ಕೆ, ನಂದಿಗೆ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ಆಡದಿದ್ದರೇನು, ಇಬ್ಬರಿಗೂ ಗೊತ್ತಿತ್ತು.

ಆ ಶನಿವಾರ ಹಾಡು ಮುಗಿದ ಮೇಲೆ ಕನಕರಾಜ್ ಟೀ ಹಿಡಿದು ಬಂದು, ಕುರ್ಚಿಯ ತುದಿಯಲ್ಲಿ ಕೂತ.

“ನಿಮ್ಮಣ್ಣನ ಹತ್ರ ಮಾತಾಡಿದೀನ್ರೀ. ಮನೇಲಿ ಕೇಳಿ ಹೇಳ್ತೀನಿ ಅಂದವ್ರೆ. ಮುಂದಿನ ವಾರ ನಮ್ಮಮ್ಮ ಬರ್ತಾರೆ, ಸುಮ್ನೆ ನಿಮ್ಮನ್ನ ನೋಡಕ್ಕೆ.”

“ನಮ್ಮಣ್ಣ?”

“ಮಧು ಕಣ್ರೀ. ನಿಮ್ಮ ದೊಡ್ಡಪ್ಪನ ಮಗ ಅಲ್ವಾ?”

ಶೈಲಜಾ ತಿರುಗಿದಳು. ಮಧು ಪೆಟ್ಟಿಗೆಯ ಚೀಲದ ಜಿಪ್ ಎಳೆಯುವುದರಲ್ಲಿ ಮುಳುಗಿದ್ದ, ಜಿಪ್ ಎಳೆಯುವುದು ದೊಡ್ಡ ವಿದ್ಯೆಯೆಂಬಂತೆ. ಅವಳು ಕನಕರಾಜನತ್ತ ನೋಡಿ ನಕ್ಕಳು. ಬಸ್ಸು ಹತ್ತಿದಳು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿದಾಗ ಸಿಟ್ಟು ಬಂತು. ಬಂದದ್ದು ಹೋಗಲಿಲ್ಲ.

ಅತ್ತೆ ಮಗಳು ಎಂದಿದ್ದರೆ ಊರೇ ನಕ್ಕು, ಛೇಡಿಸಿ, ಜೋಡಿ ಮಾಡುತ್ತಿತ್ತು. ಸೋದರಮಾವನ ಮಗಳು ಎಂದಿದ್ದರೂ ಆಗುತ್ತಿತ್ತು. ದೊಡ್ಡಪ್ಪನ ಮಗ ಎಂದರೆ ಒಡಹುಟ್ಟಿದವನಿಗೆ ಸಮ. ಇಷ್ಟು ತಿಂಗಳು ಆ ತಾರಸಿಯ ಜನ ಅವನ ಹುಬ್ಬು ಏಳುವುದನ್ನು ಕಂಡು ‘ತಂಗಿ ಮೇಲೆ ಎಷ್ಟು ಅಕ್ಕರೆ’ ಎಂದುಕೊಂಡಿದ್ದರೇ? ನೆನೆದರೆ ಮೈ ಉರಿಯುತ್ತಿತ್ತು.

ಮರುದಿನ ಆವಲಬೆಟ್ಟಕ್ಕೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಹೋದಳು, ಜಗಳಕ್ಕೆಂದೇ ಹೋದಳು. ಬೈಕಿನಲ್ಲಿ ಅವನ ಹೆಗಲು ಹಿಡಿಯದೆ ಹಿಂದಿನ ಕಂಬಿ ಹಿಡಿದು ಕೂತಳು. ಮೇಲೆ, ಜನ ಫೋಟೋ ತೆಗೆಸಿಕೊಳ್ಳುವ ಚಾಚು ಬಂಡೆಯ ಹತ್ತಿರ, ಅವನು ಖಾರದಪುಡಿ ಹಚ್ಚಿದ ಸೌತೆಕಾಯಿ ತಂದುಕೊಟ್ಟ.

“ಯಾಕೇ, ಇವತ್ತು ಮಾತೇ ಇಲ್ಲ?”

“ಏನಿಲ್ಲಣ್ಣ.”

ಸೌತೆಕಾಯಿ ಅವನ ಬಾಯಿಯ ಹತ್ತಿರವೇ ನಿಂತಿತು.

“ಖಾರ ಆಯ್ತಾಣ್ಣ? ನೀರು ಕೊಡ್ಲಾಣ್ಣ?”

“ಶೈಲು...”

“ಶೈಲು ಅನ್ಬೇಡ. ತಂಗಿ ಅನ್ನು. ಬಾಯ್ತುಂಬ ಅನ್ನು.”

ಅವನು ಬಂಡೆಯ ಮೇಲೆ ಕುಕ್ಕರಿಸಿದ. “ಮೊದಲನೇ ದಿನಾನೇ ರೂಪಕ್ಕ ಕೇಳಿದ್ರು, ಯಾರಪ್ಪ ಈ ಹುಡುಗಿ ಅಂತ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

“ಅತ್ತೆ ಮಗಳು ಅಂತ ಯಾಕೆ ಬರ್ಲಿಲ್ಲ ಬಾಯಿಗೆ?”

“ಅತ್ತೆ ಮಗಳು ಅಂದ್ರೆ ಯಾವೂರತ್ತೆ, ಯಾವ ಜನ ಅಂತ ಕೇಳ್ತಾರೆ. ತಂಗಿ ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ ಕಣೇ. ನಿಮ್ಮನೆ ಯಾವುದು, ನಮ್ಮನೆ ಯಾವುದು, ನಿನಗೆ ಗೊತ್ತಿಲ್ವಾ?”

ಗೊತ್ತಿತ್ತು. ಅವನ ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ. ಅವಳ ಅಮ್ಮ ರಾಮಲಕ್ಷ್ಮಮ್ಮ, ಹೊಸಬರು ಬಂದರೆ ನೀರಿನ ಲೋಟ ಕೈಗಿಡುವ ಮುಂಚೆ ಕುಲ ಕೇಳುವವರು. ಆ ಸಿಟ್ಟೂ ಅವಳೊಳಗೆ ಬೇರೆಯೇ ಒಂದು ಒಲೆಯಲ್ಲಿ ಉರಿಯುತ್ತಿತ್ತು.

“ಅದು ಬಿಡು. ಕನಕರಾಜ್ ಬಂದು ಹೆಣ್ಣು ಕೇಳ್ದಾಗ?”

“ಏನಂತ ಹೇಳ್ಲಿ? ನಿಜ ಹೇಳಿದ್ರೆ ಸುದ್ದಿ ನಿನ್ನ ಬಸ್ಸಿಗಿಂತ ಮುಂಚೆ ಶಿಡ್ಲಘಟ್ಟ ಸೇರ್ತದೆ. ನಿನ್ನ ಶನಿವಾರಾನೂ ಹೋಗ್ತದೆ, ನಾನೂ ಹೋಗ್ತೀನಿ.”

“ಅದಕ್ಕೆ ಮನೇಲಿ ಕೇಳಿ ಹೇಳ್ತೀನಿ ಅಂದ್ಯಾ? ಯಾವ ಮನೇಲಿ ಕೇಳ್ದೆ ಮಧು? ನನ್ನನ್ನ ಕೊಡಕ್ಕೆ, ಬಿಡಕ್ಕೆ ನೀನ್ಯಾರು? ನನ್ನನ್ನ ಕೇಳ್ಬೇಕು ಅಂತ ಒಂದ್ಸಲಾನಾದ್ರೂ ಅನ್ನಿಸ್ಲಿಲ್ವಾ?”

ಅವಳ ಗಂಟಲು ಅಷ್ಟು ಎತ್ತರ ಹೋಗಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. ಸೆಲ್ಫಿಗೆ ನಿಂತಿದ್ದ ಸಂಸಾರವೊಂದು ಇತ್ತ ತಿರುಗಿತು. ಗಂಡಸು ಎರಡು ಹೆಜ್ಜೆ ಮುಂದೆ ಬಂದ. ಮಧು ದಡಬಡಿಸಿ ಎದ್ದು ಕೈ ಅಡ್ಡ ಆಡಿಸಿದ.

“ಏನಿಲ್ಲ ಸಾರ್. ಅಣ್ಣ ತಂಗಿ ಜಗಳ.”

ಅಂದ ಮೇಲೆ ಅವನಿಗೇ ಕೇಳಿಸಿತು. ಕಣ್ಣು ಮುಚ್ಚಿಕೊಂಡ. ತೆರೆಯುವಷ್ಟರಲ್ಲಿ ಅವಳು ಇಳಿಜಾರು ಹಿಡಿದಾಗಿತ್ತು.

ಬೆಟ್ಟದ ಕೆಳಗೆ, ಬಸ್ಸು ಸಿಗುವ ಮಂಡಿಕಲ್ಲಿನ ದಾರಿಯುದ್ದಕ್ಕೂ ಅವಳು ನಡೆದಳು. ಹಿಂದೆ ಬೈಕು ಫಸ್ಟ್ ಗೇರಿನಲ್ಲಿ ಗೊರಗೊರ ಎನ್ನುತ್ತ ತೆವಳಿತು.

“ಹತ್ತೇ, ಬಿಸಿಲು.”

“ಯಾರಾದ್ರೂ ನೋಡಿದ್ರೆ?”

“ನೋಡ್ಲಿ.”

“ಯಾರು ಈ ಹುಡುಗಿ ಅಂತಾರೆ. ಏನಂತೀಯ?”

ಸ್ವಲ್ಪ ದೂರ ಹೋದ ಮೇಲೆ ಅವನು ಮೆಲ್ಲಗೆ, “ಕೋಚಿಂಗ್ ಆರು ಗಂಟೆವರ್ಗೂ ಅಂತ ನೀನೂ ಹೇಳಿಲ್ವಾ ಮನೇಲಿ?” ಎಂದ.

ಆ ಮಾತು ನಾಟಿತು. ಅವಳು ನಿಂತಳು. “ಹೇಳಿದೀನಿ. ಸಮಯ ಸುಳ್ಳು ಹೇಳಿದೀನಿ. ನೀನು ನನಗೆ ಏನೂ ಅಲ್ಲ ಅಂತ ಯಾರ ಹತ್ರಾನೂ ಹೇಳಿಲ್ಲ.”

ಮಂಡಿಕಲ್ಲಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಕಡೆಯ ಮಾತು ಅಂದಳು: “ಶನಿವಾರ ಅವರಮ್ಮ ಬರ್ತಾರೆ. ಅವರೆದುರಿಗೆ ನಿಜ ಹೇಳು. ಇಲ್ಲಾಂದ್ರೆ ಆ ತಾರಸಿಗೂ ನಾನಿಲ್ಲ, ನಿನಗೂ ಇಲ್ಲ.”

ವಾರವಿಡೀ ಅವನ ಫೋನು ಎತ್ತಲಿಲ್ಲ. ‘ಸಾರಿ’ ಎಂದು ಹನ್ನೊಂದು ಮೆಸೇಜು ಬಂದವು. ಹನ್ನೊಂದನ್ನೂ ಓದಿದಳು, ಉತ್ತರವಿಲ್ಲ. ಡೈರಿಯಲ್ಲಿ ಮೊದಲು ಅವನನ್ನು ಹೇಡಿ ಎಂದು ಬೈದಳು. ಆಮೇಲೆ ಕನಕರಾಜನನ್ನು ಬೈದು, ಅವನೇನು ತಪ್ಪು ಮಾಡಿದ ಎಂದು ಆ ಸಾಲು ಹೊಡೆದುಹಾಕಿದಳು. ಗುರುವಾರ ಪೆನ್ನು ಅವಳ ಕಡೆಗೇ ತಿರುಗಿತು: ‘ಅವನು ಹೇಳಲಿ ಅಂತ ನಾನು ಯಾಕೆ ಕಾಯ್ತಿದ್ದೀನಿ?’ ಆ ಪುಟ ಅಲ್ಲಿಗೇ ನಿಂತಿತು.

ಶನಿವಾರ ತಾರಸಿ ಹತ್ತಿದಾಗ ಕನಕರಾಜನ ತಾಯಿ ಚಿಕ್ಕವೆಂಕಟಮ್ಮ ಆಗಲೇ ಬಂದು ಕೂತಿದ್ದರು. ಮಡಿಲಲ್ಲಿ ಬಾಳೆಲೆಯ ಪೊಟ್ಟಣ, ಅದರಲ್ಲಿ ಮಲ್ಲಿಗೆ ದಂಡೆ. ಆಚೆ ನಾಚಿಕೊಂಡ ಮಗ ಕೀಬೋರ್ಡಿನಲ್ಲಿ ಏನೋ ನುಡಿಸುತ್ತಿದ್ದ.

“ರಾ ತಲ್ಲಿ, ರಾ. ಬಾ, ನನ್ನ ಪಕ್ಕದಲ್ಲೇ ಕೂತ್ಕೋ. ಎಷ್ಟು ಸಣ್ಣಗಿದ್ಯಮ್ಮ! ಮಧ್ಯಾಹ್ನ ಊಟ ಆಯ್ತಾ?”

ಅವರ ಅಂಗೈ ಬೆಚ್ಚಗಿತ್ತು. ಅವರು ಒಳ್ಳೆಯವರಾಗಿದ್ದದ್ದೇ ಶೈಲಜಾಳ ಸಿಟ್ಟಿಗೆ ತುಪ್ಪ ಸುರಿಯಿತು. ಇಂಥ ಹೆಂಗಸನ್ನು ಕರೆಸಿ ಸುಳ್ಳಿನ ಮಣೆ ಹಾಕಿ ಕೂರಿಸಿದ್ದೇವಲ್ಲ.

“ನೀನೂ ಬಾರಪ್ಪ,” ಚಿಕ್ಕವೆಂಕಟಮ್ಮ ಮಧುವನ್ನು ಕರೆದರು. “ಅಣ್ಣ ಅಂದ್ಮೇಲೆ ಇಲ್ಲಿ ಅವಳಿಗೆ ದೊಡ್ಡೋನು ನೀನೇ. ಏನಂದ್ರು ನಿಮ್ಮ ಮನೇಲಿ?”

ಮಧು ಬಂದು ನಿಂತ. ಶೈಲಜಾ ಅವನನ್ನೇ ನೋಡಿದಳು, ಈ ಸಲ ಟೀ ಲೋಟದೊಳಗೆ ಅಡಗಲಿಲ್ಲ.

“ಅಮ್ಮಾ, ಅದು... ಅವಳಿಗೆ ಇನ್ನೂ ಪರೀಕ್ಷೆ ಅದೆ. ಆಮೇಲೆ ನೋಡಣ.”

ಎದ್ದು ಹೊರಟುಬಿಡಬೇಕೆಂದುಕೊಂಡಳು. ಆಗ ಅವನ ಕೈ ಕಂಡಿತು. ಬೇಕೆಂದಲ್ಲದೆ ಒಂದು ಪೆಟ್ಟೂ ತಪ್ಪದ ಆ ಬೆರಳುಗಳು ಪ್ಯಾಂಟಿನ ಮೇಲೆ ತಾಳ ತಪ್ಪಿ ಬಡಿದುಕೊಳ್ಳುತ್ತಿದ್ದವು. ಅವಳು ಹೇಡಿ ಎಂದು ಬೈದದ್ದು ಈ ಭಯವನ್ನು. ಹೆಸರು ಕೇಳಿದ ಮೇಲೆ ಊರು, ಊರು ಕೇಳಿದ ಮೇಲೆ ಜನ ಕೇಳುವವರ ನಡುವೆ ಅವನು ಇಪ್ಪತ್ತಾರು ವರ್ಷದಿಂದ ಉತ್ತರ ಹುಡುಕುತ್ತ ನಿಂತಿದ್ದಾನೆ. ಅವಳಿಗೆ ಒಂದು ದಿನವೂ ಹಾಗೆ ನಿಲ್ಲಬೇಕಾಗಿ ಬಂದಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

“ಪರೀಕ್ಷೆ ಬರೀಲಿ ಬಿಡಪ್ಪ, ಯಾರು ಬೇಡ ಅಂದ್ರು?” ಚಿಕ್ಕವೆಂಕಟಮ್ಮ ನಗುತ್ತ ಪೊಟ್ಟಣ ಬಿಚ್ಚಿದರು. “ಎಲ್ಲಿ, ಈ ಕಡೆ ತಿರುಗು ಬಂಗಾರೂ, ಹೂವು ಮುಡಿಸ್ತೀನಿ.”

ಮಲ್ಲಿಗೆ ಜಡೆಯ ಹತ್ತಿರ ಬಂತು. ಶೈಲಜಾ ಅವರ ಮಣಿಕಟ್ಟನ್ನು ಮೆಲ್ಲನೆ ಹಿಡಿದಳು.

“ಬೇಡಿ ಅಮ್ಮ.”

ಕೀಬೋರ್ಡಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವಳು ಎದ್ದು ನಿಂತಳು. ಕನಕರಾಜನ ಬೆರಳು ನಿಂತವು. ಟೀ ಟ್ರೇ ಹಿಡಿದಿದ್ದ ರೂಪಕ್ಕ ಮೆಟ್ಟಿಲ ತುದಿಯಲ್ಲೇ ನಿಂತರು. ಇಪ್ಪತ್ತು ಕುರ್ಚಿಗಳೂ ಅವಳತ್ತ ತಿರುಗಿದವು. ಮಧು ಬೇಡವೆಂಬಂತೆ ತಲೆಯಾಡಿಸಿದ.

“ಕ್ಷಮಿಸಿ ಅಮ್ಮ. ಇವನು ನನಗೆ ಅಣ್ಣ ಅಲ್ಲ. ಇವನ ಮೇಲೆ ನನಗೆ ಕೆಟ್ಟ ಸಿಟ್ಟಿದೆ, ಆದ್ರೂ ನನಗೆ ಇವನೇ ಬೇಕು.”