ಇನ್ನು ಬರಬೇಡಿ ಅಂದವನು

"ಸೆರಗು ತೆಗೀರಿ ಮೇಡಂ, ಮುಖ ನೋಡ್ಬೇಕು."

"ಆಗಲ್ಲ!"

ತುಮಕೂರು ಬಟವಾಡಿಯ ಆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ವನಜಾಕ್ಷಿ ಸೆರಗನ್ನು ಕೆನ್ನೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. ಮುದುಕ ಡಾಕ್ಟರು ಇರ್ತಾರೆ ಅಂದುಕೊಂಡು ಧೈರ್ಯ ಮಾಡಿ ಬಂದಿದ್ದಳು ಪಾಪ! ಎದುರಿಗಿದ್ದ ದಯಾನಂದನಿಗೆ ಇನ್ನೂ ಮೂವತ್ತೂ ದಾಟಿರಲಿಲ್ಲ.

ಹೋದ ವಾರ ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತ್ತು. ಕನ್ನಡಿ ನೋಡಿದರೆ... ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಗಣ್ಣು ಮುಚ್ಚುತ್ತಲೇ ಇರಲಿಲ್ಲ! ಮುಖದ ನರ ಸೋತಿದೆ, ವಾಸಿಯಾಗುತ್ತೆ ಎಂದು ದೊಡ್ಡ ಡಾಕ್ಟರು ಮಾತ್ರೆ ಕೊಟ್ಟು ಇಲ್ಲಿಗೆ ಕಳಿಸಿದ್ದರು. ಅಷ್ಟರಲ್ಲಿ ಚೇಳೂರಿಗೆಲ್ಲ ಸುದ್ದಿ ಹಬ್ಬಿ, ಹೆಣ್ಣು ನೋಡಲು ಬರಬೇಕಿದ್ದವರು "ಆಮೇಲೆ ತಿಳಿಸ್ತೀವಿ" ಎಂದು ಫೋನಿಟ್ಟಿದ್ದರು.

ಕೆಲಸಕ್ಕೂ ಕುತ್ತು ಬಂದಿತ್ತು. ತುಮಕೂರು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳ ಊರು ಕೂಗುವವಳು ಅವಳೇ. ಈಗ ತುಟಿ ಕೂಡದೆ 'ಗುಬ್ಬಿ' ಅನ್ನಲು ಹೋದರೆ 'ಗುವ್ವಿ' ಆಗುತ್ತಿತ್ತು.

"ಸರಿ, ಈಗ್ಲೇ ಬೇಡ," ಅಂದ ದಯಾನಂದ ಮೆಲ್ಲಗೆ. "ಕೆಂಪು ಲೈಟ್ ಹಾಕಿದ್ಮೇಲೆ ತೆಗೀರಿ. ಅದರ ಕೆಳಗೆ ಎಲ್ಲರ ಮುಖಾನೂ ಟೊಮೇಟೊ ಹಣ್ಣೇ!"

ಅವಳಿಗೆ ನಗು ಬಂತು. ಸೆರಗು ತಾನಾಗಿ ಸಡಿಲವಾಯಿತು.

ಕಣ್ಣುಗಳ ಮೇಲೆ ಒದ್ದೆ ಹತ್ತಿ ಇಟ್ಟು, ಅಷ್ಟು ದೂರದಿಂದ ಅವನು ದೀಪ ಹಾಕುತ್ತಿದ್ದ. ಕೆನ್ನೆಗೆ ಹಿತವಾದ ಶಾಖ. ಕಣ್ಣಿಗೆ ಏನೂ ಕಾಣದು, ಕೇಳುವುದು ಅವನ ದನಿಯೊಂದೇ... ದಿನ ಕಳೆದಂತೆ ಆ ದನಿಗಾಗಿಯೇ ಅವಳು ಬೆಳಗ್ಗೆ ಬೇಗ ಏಳತೊಡಗಿದಳು.

"ಡಾಕ್ಟ್ರೇ, ಈ ಲೈಟಿಗೆ ಮೈಬಣ್ಣ ತಿರುಗುತ್ತಂತೆ, ದಿಟವಾ?" ಜೊತೆಗೆ ಬರುತ್ತಿದ್ದ ಅಜ್ಜಿ ದೊಡ್ಡಗಂಗಮ್ಮ ಒಂದಿನ ಕೇಳಿದಳು.

"ಇಲ್ಲ ಅಜ್ಜಿ, ಇದು ಬರೀ ಶಾಖ. ಬಿಗಿದಿರೋ ಕೆನ್ನೆ ಸಡಿಲ ಆಗುತ್ತೆ. ಮಿಕ್ಕಿದ್ದಕ್ಕೆ ಇವರೇ ವ್ಯಾಯಾಮ ಮಾಡ್ಬೇಕು."

"ಬುಡು, ನನ್ ಮೊಮ್ಮಗಳಿಗೆ ಇರೋ ಬಣ್ಣಾನೇ ಚೆಂದ!"

"ಚೆಂದಾನೇ," ಅಂದುಬಿಟ್ಟು ದಯಾನಂದ ನಾಲಿಗೆ ಕಚ್ಚಿಕೊಂಡ. ಕೆನ್ನೆ ಕೆಂಪಾಗಿದ್ದು ದೀಪಕ್ಕೋ ಮಾತಿಗೋ, ವನಜಾಕ್ಷಿಗೇ ತಿಳಿಯಲಿಲ್ಲ.

ಶಾಖ ಮುಗಿದ ಮೇಲೆ ತುಟಿಯ ವ್ಯಾಯಾಮ.

"ಗುಬ್ಬಿ ಅನ್ನಿ."

"ಗುವ್ವಿ."

"ಹೆಬ್ಬೂರು?"

"ಹೆವ್ವೂರು..." ಅವಳ ಕಣ್ಣು ತುಂಬಿತು.

"ಅಳಬೇಡ್ರೀ. ನಮ್ಮೂರ ಹೆಸರು ಹೇಳಿ ನೋಡಣ, ತುಟಿ ಕೂಡ್ಸೋದೇ ಬೇಡ. ಕುಣಿಗಲ್!"

"ಕುಣಿಗಲ್." ಎಷ್ಟು ಸಲೀಸಾಗಿ ಬಂತು! ಆ ಸಂಜೆ ಪಾತ್ರೆ ತೊಳೆಯುವಾಗಲೂ ಅವಳು ಅದನ್ನೇ ಗುನುಗುತ್ತಿದ್ದಳು.

ವಾರಗಳು ಉರುಳಿದವು. ಎಡಗಣ್ಣು ಮುಚ್ಚತೊಡಗಿತು, ಮಾತು ಸರಿಹೋಯಿತು. ನಕ್ಕಾಗ ಮಾತ್ರ ಬಾಯಿ ಇನ್ನೂ ಒಂದು ಪಕ್ಕಕ್ಕೆ ವಾಲುತ್ತಿತ್ತು. ಕೊನೆಯ ದಿನ ಒಬ್ಬಳೇ ಬಂದಿದ್ದ ಅವಳು ಹೊರಡುವಾಗ ಬಾಗಿಲ ಬಳಿ ನಿಂತಳು. ಮನಸ್ಸಿನಲ್ಲಿದ್ದುದನ್ನೆಲ್ಲ ಒಂದೇ ಮಾತಿಗೆ ತುಂಬಿ ಹೇಳಿದಳು.

"ಬರ್ತೀನಿ."

ಎಷ್ಟು ಸ್ಪಷ್ಟವಾದ 'ಬ'!

ದಯಾನಂದ ಗಾಬರಿಯಾದ. "ಬೇಡ! ಬರಬೇಡಿ. ಇನ್ನು ಇಲ್ಲಿಗೆ ಬರಲೇಬೇಡಿ!"

ವನಜಾಕ್ಷಿ ಸೆರಗನ್ನು ಮತ್ತೆ ಕೆನ್ನೆಗೆ ಎಳೆದುಕೊಂಡಳು. 'ಸೊಟ್ಟ ಬಾಯಿಯವಳು ಇಷ್ಟೆಲ್ಲ ಆಸೆ ಪಡಬಾರದಿತ್ತು...' ತಿರುಗಿ ನೋಡದೆ ಮೆಟ್ಟಿಲಿಳಿದಳು. ಅವತ್ತು ಊಟ ಸೇರಲಿಲ್ಲ. ಅಜ್ಜಿ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದಳು. ಕೇಳಿದವಳೇ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಿ! ಆಸ್ಪತ್ರೆಯಿಂದ ಹೊರಡೋವಾಗ ಯಾರಾದ್ರೂ ಬರ್ತೀನಿ ಅಂತಾರೇನೇ? ಕಾಯಿಲೆ ತಿರುಗಿ ಬತ್ತದೆ ಅಂತ ಅಪಶಕುನ ಕಣೇ! ಅದಕ್ಕೇ ಬರಬೇಡಿ ಅಂದವ್ನೆ ಆ ಹುಡುಗ!"

ಹೌದಲ್ಲ! ಚಿಕ್ಕಂದಿನಿಂದ ಕೇಳಿದ ಮಾತು, ದುಃಖದಲ್ಲಿ ಮರೆತೇ ಹೋಗಿತ್ತು. ಆದರೂ ಒಳಗೊಂದು ಮುಳ್ಳು ಉಳಿಯಿತು. ಬರೀ ಶಾಸ್ತ್ರಕ್ಕೆ ಅಂದಿದ್ದರೆ ಅವನು ಅಷ್ಟೊಂದು ಯಾಕೆ ಗಾಬರಿಯಾದ?

ಮಾರನೇ ಸಂಜೆ ಮೈಕಿನ ಕೆಲಸ ಮುಗಿಸಿದವಳೇ ನೇರವಾಗಿ ಕುಣಿಗಲ್ ಬಸ್ಸು ನಿಲ್ಲುವ ಕಡೆ ನಡೆದಳು. ದಿನಾ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತ ದಯಾನಂದ ಅಲ್ಲೇ ಇದ್ದ.

"ಬರಬೇಡಿ ಅಂದ್ರಲ್ಲ... ಅದು ಶಾಸ್ತ್ರಕ್ಕಾ, ನಿಜಕ್ಕಾ?"

"ಎರಡೂ."

ಅವಳ ಮುಖ ಬಾಡಿತು. ಅವನು ಅವಸರವಾಗಿ ಹೇಳಿದ, "ನಿಮಗೆ ಮತ್ತೆ ಕಾಯಿಲೆ ಬರಬಾರ್ದು, ಅದು ಶಾಸ್ತ್ರ. ನೀವು ಪೇಷಂಟ್ ಆಗಿರೋ ತನಕ ನಾನು ಬಾಯಿ ಬಿಡೋ ಹಾಗಿರ್ಲಿಲ್ಲ, ಅದು ನಿಜ. ಬರ್ತೀನಿ ಅಂದಾಗ ಎಲ್ಲಿ ಅಲ್ಲೇ ಹೇಳಿಬಿಡ್ತೀನೋ ಅಂತ ಭಯ ಆಯ್ತು... ನೀವಂದ್ರೆ ನನಗೆ ತುಂಬಾ ಇಷ್ಟ, ವನಜಾಕ್ಷಿ."

ಬಸ್ಸು ಬಂತು, ಜನ ನುಗ್ಗಿದರು. ಅವನು ಅಲುಗಲಿಲ್ಲ.

"ನನ್ನ ನಗು ಇನ್ನೂ ಸೊಟ್ಟ ಇದೆ," ಅಂದಳು ತಲೆ ತಗ್ಗಿಸಿ. "ಮುಂಚಿನ ಹಾಗೆ ಆಗ್ದೇ ಹೋದ್ರೆ?"

"ಮುಂಚೆ ಹೆಂಗಿತ್ತೋ ನಾನು ನೋಡಿಲ್ಲ ಕಣ್ರೀ. ನನಗೆ ಗೊತ್ತಿರೋ ನಗು ಇದೊಂದೇ."

ವನಜಾಕ್ಷಿ ಅತ್ತಳು, ಅಳುತ್ತಲೇ ನಕ್ಕಳು. ನೋಡುವವರು ನೋಡಲಿ ಅನ್ನಿಸಿತು.

"ಭಾನುವಾರ ಅಮ್ಮನ್ನ ಕರ್ಕೊಂಡು ಚೇಳೂರಿಗೆ ಬರ್ಲಾ?" ಕೇಳಿದ ದಯಾನಂದ.

"ಅಜ್ಜಿಗೆ ಏನಂತ ಹೇಳ್ಲಿ?"

"ಹೆಣ್ಣು ನೋಡೋಕೆ ಬರ್ತಾರೆ ಅನ್ನಿ."

"ಇಷ್ಟು ದಿನ ನೋಡಿದ್ದು ಸಾಲ್ದಾ?"

"ಸಾಲ್ದು."