ಚಳಿಗಿಟ್ಟ ಆರ್ಕಿಡ್

“ಗಿಡ ಎಲ್ಲಿ?”

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದ ಸೊಸೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಒಳಗಿನಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಆ ಅಡುಗೆಮನೆಯಲ್ಲಿ ಹಾಲು ಸೀಯುವುದೆಂದರೇನು! ಕಂಡವರ ಮನೆಯ ಕಿಟಕಿಯ ಮೇಲೂ ಬೆರಳಾಡಿಸಿ ಧೂಳು ಹುಡುಕುವ ಆಕೆಯನ್ನು ಕಟ್ಟಡದವರೆಲ್ಲ ಬೆನ್ನ ಹಿಂದೆ ‘ಇನ್‌ಸ್ಪೆಕ್ಟರಮ್ಮ’ ಎನ್ನುತ್ತಿದ್ದರು. ಅಂಥವರು ಒಲೆಯನ್ನೇ ಮರೆತಿದ್ದಾರೆಂದರೆ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದೇ ಅರ್ಥ. ಏನಾಗಿದೆ ಎಂಬುದು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಮಾಡಿದವಳೇ ಅವಳು.

“ನಿನ್ನನ್ನೇ ಕೇಳಿದ್ದು. ಸ್ಟೂಲು ಖಾಲಿ ಇದೆ. ನಿನ್ನ ಮಾವನ ಗಿಡ ಎಲ್ಲಿ?”

“ತಾರಸಿ ಮೇಲಿದೆ ಅತ್ತೆ. ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನೇ ಇಟ್ಟು ಬಂದೆ.”

“ತಾರಸಿ ಮೇಲೆ! ಈ ಚಳೀಲಿ!”

“ಅದಕ್ಕೆ ಚಳಿ ಬೇಕು ಅಂತಲೇ...”

“ಬಾಯ್ಮುಚ್ಚು! ಬೆಳಗ್ಗೆಯಿಂದ ಅವರು ಒಂದು ಸದ್ದು ಮಾಡಿಲ್ಲ ಕಣೇ! ಮಂಚ ಬಡಿದಿಲ್ಲ, ಕೈ ಎತ್ತಿಲ್ಲ, ಸುಮ್ಮನೆ ಬಿದ್ದುಕೊಂಡಿದ್ದಾರೆ. ಎದೆ ಒಡೆದುಹೋಗಿದೆ ಅವರಿಗೆ! ಮಾತು ಹೋಯ್ತು, ಒಂದು ಕೈ ಹೋಯ್ತು, ಕಣ್ಣೆದುರಿಗೆ ಅದೊಂದು ಗಿಡ ಅಂತ ಉಳಿದಿತ್ತು... ಅದನ್ನೂ ಕಿತ್ಕೊಂಡೆಯಲ್ಲೇ!”

ಆ ಗಿಡದ ಕತೆ ಹೇಳದೆ ಈ ಜಗಳ ಯಾರಿಗೂ ಅರ್ಥವಾಗದು. ಮಾವ ಲಿಫ್ಟ್ ರಿಪೇರಿಯವರು. ಊರಿನವರನ್ನೆಲ್ಲ ಸಲೀಸಾಗಿ ಮೇಲಕ್ಕೆ ಹತ್ತಿಸಿದ ಮನುಷ್ಯ ಮನೆ ಮಾಡಿದ್ದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದಲ್ಲಿ. ಅದನ್ನು ಹೇಳಿಕೊಂಡು ತಾವೇ ನಗುತ್ತಿದ್ದರು. ಯಾರೋ ಮನೆ ಖಾಲಿ ಮಾಡುವಾಗ ಲಿಫ್ಟಿನ ಬಾಗಿಲ ಬಳಿ ಬಿಟ್ಟುಹೋದ ಆರ್ಕಿಡ್ ಕುಂಡವನ್ನು ಒಂದು ದಿನ ಎತ್ತಿಕೊಂಡು ಬಂದರು. ಬುಡದಲ್ಲಿ ಈರುಳ್ಳಿಯಂತೆ ಉಬ್ಬಿದ ಗಡ್ಡೆಗಳು, ಅವುಗಳಿಂದ ಎದ್ದು ಎಲ್ಲ ಕಡೆಗೂ ಬಾಗಿದ ಉದ್ದುದ್ದ ಎಲೆಗಳು. ತಂಪು ಸೀಮೆಯ ಜಾತಿ. ಚಳಿ ಶುರುವಾಯಿತೆಂದರೆ ಉಳಿದವರು ತಮ್ಮ ಕುಂಡಗಳನ್ನು ಒಳಗೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಮಾವ ಇದನ್ನು ತಾರಸಿಗೆ ಹೊರುತ್ತಿದ್ದರು. “ಹಗಲು ಬಿಸಿಲು, ರಾತ್ರಿ ಚಳಿ. ಒಂದಷ್ಟು ದಿನ ನಡುಗಿದ್ರೇನೇ ಇದಕ್ಕೆ ಹೂ ಬಿಡೋ ನೆನಪು ಬರೋದಮ್ಮ” ಎಂದು ಸೊಸೆಗೆ ಹೇಳುತ್ತಿದ್ದರು. ಚಳಿಗಾಲದ ಕೊನೆಗೆ ಬಾಗಿದ ಕಡ್ಡಿಯ ತುಂಬ ತಿಳಿಹಸಿರು ಹೂ, ಒಂದೊಂದರ ನಡುವೆ ಕೆಂಪು ಚುಕ್ಕಿಯ ನಾಲಿಗೆ! ಅತ್ತೆಗೆ ಮಾತ್ರ ಅದನ್ನು ಕಂಡರೆ ಅಷ್ಟಕ್ಕಷ್ಟೆ. “ನನ್ನ ಜೊತೆ ಕೂತು ಒಂದು ಲೋಟ ಟೀ ಕುಡಿಯೋಕೆ ಪುರುಸೊತ್ತಿಲ್ಲ, ಆ ಸವತಿ ಹತ್ರ ಗಂಟೆಗಟ್ಟಲೆ ನಿಂತಿರ್ತೀರ” ಎಂದು ಗೊಣಗುತ್ತಿದ್ದರು.

ಮಾವನಿಗೆ ಲಕ್ವ ಹೊಡೆದ ಮೇಲೆ ಆ ಸವತಿಯನ್ನು ಅತ್ತೆಯೇ ಕೈಯಾರೆ ಒಳಗೆ ತಂದರು. ಮಂಚಕ್ಕೂ ತಾವು ದಿನವಿಡೀ ಕೂರುವ ಕುರ್ಚಿಗೂ ನಡುವೆ ಸ್ಟೂಲು ಹಾಕಿ, ಅದರ ಮೇಲೆ ಗಿಡವಿಟ್ಟು, ಕೋಣೆಗೆ ಹೀಟರ್ ಹಚ್ಚಿದರು. ಮಾವ ಗಿಡದ ಕಡೆ ಎಡಗೈ ತೋರಿಸಿ ಗಂಟಲೊಳಗೇ ಏನೋ ಒದ್ದಾಡಿದರೆ ಅತ್ತೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆಯುತ್ತಿದ್ದರು. ಮಾವ ಮಂಚ ಬಡಿಯುತ್ತಿದ್ದರು. ಅತ್ತೆ ಗಿಡಕ್ಕೆ ನೀರು ಹಾಕುತ್ತಿದ್ದರು. ಮಾವನ ಕಣ್ಣಲ್ಲಿ ನೀರು! “ಆಯ್ತು ರೀ, ಆಯ್ತು, ಇಲ್ಲೇ ಇದೆ ನಿಮ್ಮ ಗಿಡ” ಎಂದು ಸ್ಟೂಲು ಮತ್ತೂ ಸರಿಯುತ್ತಿತ್ತು, ಎಲೆಗಳ ತುದಿ ಹೊದಿಕೆಗೆ ತಾಗುವವರೆಗೆ. ಹೀಗೆ ಒಂದು ಇಡೀ ವರ್ಷ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯ ಒಂದು ತುತ್ತು ಇಳಿಯಲಿಲ್ಲ. ಹೋದ ಚಳಿಗಾಲದಲ್ಲಿ ಬಂದದ್ದು ಬರೀ ಎಲೆ. ಹೊರಗಿಡೋಣ ಎಂದು ಸೊಸೆ ಆಗ ಒಮ್ಮೆ ಬಾಯಿಬಿಟ್ಟಿದ್ದಳು. “ನಿನ್ನ ಕೈಗುಣಕ್ಕೆ ಅದು ಹೂ ಬಿಡೋದೇ ನಿಲ್ಲಿಸಿದೆ. ಇನ್ನು ಸಾಯಿಸೋದು ಬಾಕಿಯಾ?” ಎಂಬ ಉತ್ತರ ಬಂದಿತ್ತು. ಪಾಪದ ಹುಡುಗಿ, ಬಾಯಿಗೆ ಬೀಗ ಹಾಕಿಕೊಂಡಳು. ಈ ವರ್ಷ ಆ ಬೀಗ ತಡೆಯಲಿಲ್ಲ.

ಅಷ್ಟರಲ್ಲಿ ಮಗ ಬೇಕರಿಯಿಂದ ಬಂದ. ಹುಬ್ಬಿನ ತನಕ ಮೈದಾ ಹಿಟ್ಟು. ಬಾಗಿಲಲ್ಲೇ ತಾಯಿ, ಹೆಂಡತಿ ಇಬ್ಬರ ಮುಖವನ್ನೂ ನೋಡಿ ಅವನಿಗೆ ಬೇಕರಿಗೇ ವಾಪಸ್ಸು ಹೋಗುವ ಹಾಗಾಯಿತು.

“ಏನೋ, ಕೇಳೋ ನಿನ್ನ ಹೆಂಡ್ತೀನ! ಆ ಗಿಡ ಈಗಲೇ ಕೆಳಗೆ ಬರಬೇಕು. ಇಲ್ಲಾಂದ್ರೆ ಅದರ ಜೊತೆ ಅವಳೂ ಹೊರಗೇ ಇರಲಿ!”

“ಅಮ್ಮಾ, ಏನು ಮಾತು ಅದು...”

“ಸರಿಯಾಗೇ ಆಡ್ತಿದ್ದೀನಿ. ನನ್ನ ಗಂಡನ್ನ ನೋಯಿಸೋರು ಈ ಮನೇಲಿ ಬೇಡ!”

ಮಗ ಹೆಂಡತಿಯ ಕಡೆ ತಿರುಗಿದ. “ತಂದಿಟ್ಟುಬಿಡು. ಒಂದು ಗಿಡಕ್ಕೋಸ್ಕರ ಯಾಕೆ ರಾದ್ಧಾಂತ?”

“ನೀವೂ ಹೀಗಂದ್ರೆ ಹೇಗೆ ರೀ? ಮಾವ ಅದನ್ನ ಹತ್ತಿರ ತನ್ನಿ ಅಂತ ಕೇಳ್ತಿಲ್ಲ. ಒಂದು ವರ್ಷದಿಂದ ಹೊರಗಿಡಿ, ಹೊರಗಿಡಿ ಅಂತ ಬಡ್ಕೊಳ್ತಿದ್ದಾರೆ!”

“ಓಹೋ! ಇಷ್ಟು ವರ್ಷ ಸಂಸಾರ ಮಾಡಿದ ನನಗೆ ತಿಳೀದೇ ಇದ್ದದ್ದು ನಿನಗೆ ತಿಳೀತಾ?”

ಸೊಸೆ ದಡದಡನೆ ಮೆಟ್ಟಿಲು ಹತ್ತಿ ಹೋದಳು. ಕುಂಡವನ್ನು ಎದೆಗವಚಿಕೊಂಡು ಇಳಿದು ಬಂದಾಗ ಅವಳ ಕೆನ್ನೆಯೆಲ್ಲ ಒದ್ದೆ. ಕೋಣೆಯ ಹೊಸಿಲು ದಾಟಿ ಒಳಗೆ ಕಾಲಿಟ್ಟಳೋ ಇಲ್ಲವೋ, ಬೆಳಗಿನಿಂದ ಸದ್ದಿಲ್ಲದೆ ಮಲಗಿದ್ದ ಮಾವ ಎಡಗೈ ಎತ್ತಿ ಧಬಧಬನೆ ಮಂಚ ಬಡಿಯತೊಡಗಿದರು! ಗಂಟಲಿನ ನರ ಉಬ್ಬಿತು. ಸೊಸೆ ಬೆಚ್ಚಿ ಹಿಂದೆ ಸರಿದಳು. ಬಡಿತ ನಿಂತಿತು. ಮತ್ತೆ ಒಳಗೆ ಹೆಜ್ಜೆ ಇಟ್ಟಳು, ಮತ್ತೆ ಬಡಿತ. ಮಗ ಬಾಯಿ ತೆರೆದು ನಿಂತುಬಿಟ್ಟ.

“ನೋಡಿ ಅತ್ತೆ... ನೀವೇ ನೋಡಿ!”

ಅತ್ತೆ ನೋಡಿದರು. ಕುರ್ಚಿಯ ತೋಳು ಹಿಡಿದು ಮೆಲ್ಲನೆ ಕುಸಿದು ಕೂತರು. ಅವರ ಬಾಯಿಂದ ಬೈಗುಳ ಬರಲಿಲ್ಲ. ಬಂದದ್ದು ಬೇರೆಯೇ.

“ನನಗೆ ಸಂಶಯ ಇತ್ತು ಕಣೇ...”

“ಅತ್ತೆ?”

“ಚಳಿ ಬಂದ್ರೆ ಅದನ್ನ ಮೇಲಕ್ಕೆ ಹೊತ್ಕೊಂಡು ಹೋಗೋದನ್ನ ನಾನೇನು ನೋಡಿರಲಿಲ್ವಾ? ಆದ್ರೆ... ಜೀವಮಾನ ಪೂರ್ತಿ ಅವರ ಕಣ್ಣು ಆ ಗಿಡದ ಮೇಲೆ. ಅದನ್ನ ನನ್ನ ಕುರ್ಚಿ ಮುಂದೆ ಇಟ್ಕೊಂಡ್ರೆ, ಗಿಡ ನೋಡೋ ನೆಪದಲ್ಲಾದ್ರೂ ನನ್ನ ಕಡೆ ತಿರುಗ್ತಾರೆ ಅಂತ... ಎಲೆ ಸಂದೀಲಿ ಅವರ ಕಣ್ಣು ಕಾಣೋದು. ಅಷ್ಟು ಸಾಕಾಗಿತ್ತು ನನಗೆ.” ಸೆರಗು ಬಾಯಿಗೆ ಒತ್ತಿಕೊಂಡರು. “ತಗೊಂಡು ಹೋಗು. ಹೋಗೇ... ನನ್ನ ಮುಖ ಏನು ನೋಡ್ತೀಯ!”

ಗಿಡ ಮೇಲೆ ಹೋಯಿತು. ಮನೆಯ ತಳಮಳ ಮಾತ್ರ ಹೋಗಲಿಲ್ಲ. ಅದು ಅತ್ತೆಯ ಕಾಲಿಗೆ ಇಳಿಯಿತು. ಮಂಡಿನೋವೆಂದು ವರ್ಷಗಳಿಂದ ತಾರಸಿಯ ಮುಖ ನೋಡದಿದ್ದವರು ಈಗ ಹೊತ್ತು ಇಳಿಯುತ್ತಿದ್ದಂತೆ ಗೋಡೆ ಹಿಡಿದು ಹತ್ತತೊಡಗಿದರು. ಹತ್ತುವಾಗ ಲಿಫ್ಟ್ ರಿಪೇರಿಯವರನ್ನು ಕಟ್ಟಿಕೊಂಡ ತಮ್ಮ ಹಣೆಬರಹಕ್ಕೆ ಒಂದು ಬೈಗುಳ, ಇಳಿಯುವಾಗ ಇನ್ನೊಂದು. ಎಲೆಯೆಲೆಯ ಮೇಲೂ ಬೆರಳಾಡಿಸಿದರು. ಎಲೆ ತಿನ್ನುವ ಗೊಂಡೆಹುಳ ಹುಡುಕಿ ಹಳೇ ಚಮಚದಲ್ಲಿ ಎತ್ತಿ ಎಸೆದರು. ಕೆಳಗೆ ಬಂದು, ಸ್ಟೂಲನ್ನು ಮಂಚಕ್ಕೆ ಎಳೆದುಕೊಂಡು ಅದರ ಮೇಲೆ ತಾವೇ ಕೂತು, ಗಂಡನಿಗೆ ವರದಿ ಒಪ್ಪಿಸಿದರು.

“ಒಂದು ಎಲೆ ಹಳದಿ ಆಗಿದೆ ರೀ. ನಿಮ್ಮ ಸೊಸೆ ನೀರು ಜಾಸ್ತಿ ಸುರಿದಿರಬೇಕು. ನಾಳೆ ವಿಚಾರಿಸ್ಕೊಳ್ತೀನಿ ಅವಳನ್ನ.”

ಮಾವ ಕೇಳುತ್ತಿದ್ದರು. ಸಂಜೆಯಾದರೆ ಮುಖ ಬಾಗಿಲ ಕಡೆಗೇ. ಅತ್ತೆಯ ಹೆಜ್ಜೆ ಸಪ್ಪಳ ತಡವಾದರೆ ಎಡಗೈ ಹೊದಿಕೆಯ ಅಂಚನ್ನು ಹಿಂಡುತ್ತಿತ್ತು. ಸೊಸೆ ಅದನ್ನು ನೋಡಿದಳು, ಹೇಳಲಿಲ್ಲ. ಹೇಳಿದರೆ ಅತ್ತೆ ನಾಚಿಕೊಂಡು ಅದಕ್ಕೂ ರೇಗುತ್ತಾರೆಂದು ಗೊತ್ತಿತ್ತು.

ಒಂದು ಸಂಜೆ ಅತ್ತೆ ಏದುಸಿರು ಬಿಡುತ್ತ ಇಳಿದು ಬಂದರು. “ರೀ! ಗಡ್ಡೆ ಬುಡದಲ್ಲಿ ಏನೋ ಮೂತಿ ಹಾಕಿದೆ! ಎಲೆ ಅಲ್ಲ. ಎಲೆ ಆಗಿದ್ರೆ ಚಪ್ಪಟೆ ಇರ್ತಿತ್ತು ಅಂತಾಳೆ ಇವಳು. ನಾನು ಮುಟ್ಟಿ ನೋಡ್ದೆ. ಗುಂಡಗಿದೆ ರೀ, ಗುಂಡಗೆ!” ಮಾವನ ಮುಖದ ಒಂದು ಅರ್ಧ ನಕ್ಕಿತು. ಮಾತು ಹೋದ ಮೇಲೆ ಆ ಮನೆ ಕಂಡ ಮೊದಲ ನಗು ಅದು.

ಕಡ್ಡಿ ಬೆಳೆದು ಮೊಗ್ಗುಗಳು ಬಿಡಿಸಿಕೊಳ್ಳುವ ಹೊತ್ತಿಗೆ ಮಾವನ ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಮಗನನ್ನು ಹೊರಗೆ ಕರೆದು ಮಾತಾಡಿ ಹೋದರು. ಬಂದವನ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು.

“ಗಿಡ ಕೆಳಗೆ ತಂದುಬಿಡೋಣ ಅಮ್ಮ. ಅಪ್ಪ ಒಂದ್ಸಲ ನೋಡ್ಲಿ.”

ಸೊಸೆ ತುಟಿ ಕಚ್ಚಿಕೊಂಡಳು. “ಅರಳೋಕೆ ಮುಂಚೆ ಈ ಬಿಸಿಗೆ ತಂದ್ರೆ ಮೊಗ್ಗು ಉದುರಿಹೋಗುತ್ತೆ... ಆದ್ರೂ ತರೋಣ ಅತ್ತೆ. ಉದುರಿದ್ರೆ ಉದುರಲಿ.”

“ಉದುರೋದನ್ನ ನೋಡೋಕಾ ಅವರು ಇಷ್ಟು ದಿನ ಕಾದಿದ್ದು?” ಎಂದರು ಅತ್ತೆ. “ಬೇಡ. ಅಲ್ಲೇ ಇರಲಿ. ನಾನು ಹೇಳ್ತೀನಿ ಅವರಿಗೆ.”

ಹೇಳಿದರು. ಮೊಗ್ಗು ಎಷ್ಟು ಉಬ್ಬಿದೆ, ಯಾವುದರ ತುದಿ ಬಿರಿದಿದೆ, ಒಳಗಿನ ಕೆಂಪು ಎಷ್ಟು ಕಾಣುತ್ತಿದೆ... ರಾತ್ರಿಯಿಡೀ ಸ್ಟೂಲಿನಿಂದ ಏಳದೆ, ಅವರ ಎಡಗೈ ಹಿಡಿದುಕೊಂಡು ಹೇಳಿದರು. ಕಡೆಗೆ ಬಿರಿಯದ ಮೊಗ್ಗನ್ನೂ ಅರಳಿತೆಂದೇ ಹೇಳಿದರು. ಬಾಳಿನಲ್ಲಿ ಯಾರ ಮುಲಾಜಿಗೂ ಒಂದು ಸುಳ್ಳು ಹೇಳದ ಇನ್‌ಸ್ಪೆಕ್ಟರಮ್ಮ! ಬೆಳಕು ಹರಿಯುವ ಹೊತ್ತಿಗೆ ಮಾವ ಹೊರಟುಹೋದರು. ಮುಖ ಅತ್ತೆಯ ಕಡೆಗೇ ತಿರುಗಿತ್ತು.

ಹೂ ಅರಳಿದ್ದು ಆಮೇಲೆ, ಕಡ್ಡಿಯ ತುಂಬ. ಅರಳಿದ ಮೇಲೆ ಒಳಗೆ ತರಬಹುದು ಎಂದು ಸೊಸೆ ಹೊತ್ತು ತಂದಾಗ ಅತ್ತೆ ಕೋಣೆಯಲ್ಲಿ ಒಂದೇ ಸಮನೆ ಅತ್ತಿಂದಿತ್ತ ಓಡಾಡುತ್ತಿದ್ದರು.

“ಸ್ಟೂಲಿನ ಮೇಲೇ ಇಡು. ಮೊದಲು ಎಲ್ಲಿತ್ತೋ ಅಲ್ಲೇ. ಹಾಂ... ಈಗ ನೀನು ನನ್ನ ಕುರ್ಚೀಲಿ ಕೂತ್ಕೋ.”

ಸೊಸೆ ಕುಳಿತಳು. ಅತ್ತೆ ಮಂಚ ಹತ್ತಿ ಗಂಡನ ದಿಂಬಿಗೆ ತಲೆ ಕೊಟ್ಟು, ಅವರು ಮಲಗುತ್ತಿದ್ದ ಹಾಗೆಯೇ ಮಲಗಿದರು. ಅವರು ವರ್ಷವಿಡೀ ಕಂಡದ್ದನ್ನು ತಾವೂ ಒಮ್ಮೆ ಕಾಣಬೇಕೆಂಬ ಆಸೆ ಆಕೆಗೆ. ದಿಂಬಿನ ಮೇಲೆ ತಲೆಯನ್ನು ಅತ್ತಿತ್ತ ಹೊರಳಿಸಿ ನೋಡಿದರು.

“ಕಾಣಲ್ಲ ಕಣೇ...”

“ಏನು ಅತ್ತೆ?”

“ನೀನು ಕಾಣಲ್ಲ. ಇಲ್ಲಿ ಮಲಗಿದ್ರೆ ಬರೀ ಎಲೆ. ಕುರ್ಚಿ ಇಲ್ಲ, ಮುಖ ಇಲ್ಲ...” ಅತ್ತೆಯ ಎದೆಯೊಡೆದು ಅಳು ಬಂತು. “ಒಂದು ವರ್ಷ ಮಂಚ ಬಡಿದರಲ್ಲೇ! ನಾನು ಇನ್ನೂ ಹತ್ತಿರ, ಇನ್ನೂ ಹತ್ತಿರ ಎಳೆದೆನಲ್ಲೇ! ಅದನ್ನ ಚಳಿಗಿಡು ಅಂತ ಬಡಿದರೋ... ನನ್ನ ಮುಖ ಕಾಣ್ತಿಲ್ಲ ಅಂತ ಬಡಿದರೋ... ಇನ್ನು ಯಾರನ್ನ ಕೇಳಲಿ ನಾನು?”

ಸೊಸೆ ಎದ್ದು ಸ್ಟೂಲನ್ನು ಮೆಲ್ಲನೆ ಕಿಟಕಿಯ ಕಡೆಗೆ ಸರಿಸಿದಳು. ಹೂವಿನ ಕಡ್ಡಿ ಸಣ್ಣಗೆ ತೂಗಿ ನಿಂತಿತು. ಮತ್ತೆ ಕುರ್ಚಿಯಲ್ಲಿ ಕುಳಿತು, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬಂದವರನ್ನು ಕೇಳುವ ಹಾಗೆಯೇ ಕೇಳಿದಳು.

“ಈಗ ಕಾಣ್ತೀನಾ ಅತ್ತೆ?”

“ಹೂಂ” ಎಂದರು ಅತ್ತೆ, ಕಣ್ಣೊರೆಸಿಕೊಂಡು. “ಈಗ ಕಾಣ್ತೀಯ. ಅಲ್ಲೇ ಕೂತಿರು ಸ್ವಲ್ಪ ಹೊತ್ತು.”