ಗೆರೆ ಇಲ್ಲದ ಗುರುತು

ಸೋಮವಾರ ಬೆಳಿಗ್ಗೆ 9.40ಕ್ಕೆ ರಾಮನಗರದ ಠಾಣೆಗೆ ದೂರು ಬಂತು. ಹೆದ್ದಾರಿ ಬದಿಯ ಕಾರು ಷೋರೂಮಿನಲ್ಲಿ ನೌಕರರು ಬೆರಳೊತ್ತುವ ಹಾಜರಾತಿ ಯಂತ್ರವನ್ನು ಯಾರೋ ಗೋಡೆಯಿಂದ ಕಿತ್ತೊಯ್ದಿದ್ದರು. ದೂರುದಾರ ಮ್ಯಾನೇಜರ್ ಮಹೇಂದ್ರ. ಸಬ್ ಇನ್‌ಸ್ಪೆಕ್ಟರ್ ಚೈತ್ರಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಅಂಕಯ್ಯನವರೊಂದಿಗೆ ಸ್ಥಳಕ್ಕೆ ಹೋದರು.

ಹೊಸ ಕಾರುಗಳನ್ನು ಯಾರೂ ಮುಟ್ಟಿರಲಿಲ್ಲ. ಗೋಡೆಯಲ್ಲಿ ಉಳಿದಿದ್ದ ಸ್ಟೀಲ್ ಪಟ್ಟಿಗೆ ಬೆರಳಚ್ಚು ತಜ್ಞರು ಪುಡಿ ಹಚ್ಚಿದಾಗ ಬೆರಳಿನ ಗುರುತುಗಳು ಎದ್ದವು. ಆದರೆ ಅವುಗಳಲ್ಲಿ ಗೆರೆಗಳೇ ಇರಲಿಲ್ಲ.

"ಗ್ಲೌಸ್ ಹಾಕಿರಬೇಕು," ಎಂದರು ಮಹೇಂದ್ರ.

"ಗ್ಲೌಸ್ ಬೆವರುತ್ತಾ? ಇದು ಬರಿಗೈ," ಎಂದರು ಚೈತ್ರಾ.

ಅಂಕಯ್ಯ ಬಗ್ಗಿ ನೋಡಿದರು. "ನಮ್ಮವ್ವನ ಬೆರಳೂ ಹಿಂಗೇಯ ಮೇಡಂ. ರೇಷ್ಮೆ ತೆಗೆಯಾಕೆ ಬಿಸಿನೀರ್ಗೆ ಕೈ ಹಾಕಿ ಹಾಕಿ ಸವೆದೋಗವೆ. ರೇಷನ್ ಅಂಗಡಿ ಮೆಷಿನ್ನು, ಈವಮ್ಮ ಸತ್ತೋಗವ್ಳೆ ಅಂತ್ಲೇ ತಿಳ್ಕಂಡೈತೆ."

ಚೈತ್ರಾ ಮಹೇಂದ್ರರ ಕಡೆ ತಿರುಗಿದರು. "ನಿಮ್ಮ ಮೆಷಿನ್ ಯಾರ ಬೆರಳು ತಗೊತಿರಲಿಲ್ಲ?"

"ಕಾರ್ ತೊಳೆಯೋ ಸಫೂರಾದು. ಮೊದಲು ರೇಷ್ಮೆ ರೀಲಿಂಗ್‌ನಲ್ಲಿದ್ದಳು."

"ತಗೊಳ್ದೆ ಇದ್ರೆ?"

"ಗೈರುಹಾಜರಿ ಬೀಳುತ್ತೆ."

"ಕೆಲಸಕ್ಕೆ ಬಂದಿದ್ರೂ?"

"ಎಲ್ಲರಿಗಿಂತ ಮುಂಚೆ ಬರೋದೇ ಅವಳು. ನಮ್ಮದೇನಿಲ್ಲ ಮೇಡಂ, ಸಿಸ್ಟಮ್ ಹಂಗಿದೆ."

ಸಫೂರಾ ಏಳು ತಿಂಗಳ ಬಸುರಿ. ಹಾಜರಾತಿ ಸಾಲದು, ಸಂಬಳದೊಂದಿಗೆ ಹೆರಿಗೆ ರಜೆ ಸಿಗುವುದಿಲ್ಲ ಎಂದು ಮಹೇಂದ್ರ ಅವಳಿಗೆ ಶನಿವಾರವಷ್ಟೇ ಹೇಳಿದ್ದರು.

ಹಿಂಬದಿಯ ಶೆಡ್ಡಿನಲ್ಲಿ ಅವಳು ಕಾರಿನ ಚಕ್ರ ಉಜ್ಜುತ್ತಿದ್ದಳು.

"ಮೆಷಿನ್ ಎಲ್ಲಮ್ಮಾ?"

ಅವಳು ನೀರಿನ ಡ್ರಮ್ ತೋರಿಸಿದಳು.

"ಯಾಕೆ ಕದ್ದೆ?"

"ಕದ್ದಿಲ್ಲ ಮೇಡಂ. ನನ್ ಬೆರಳು ತಿಂದಿದ್ದು ನೀರೇಯ. ಅದೂ ಒಸಿ ಕುಡೀಲಿ ಅಂತ ಹಾಕ್ಬುಟ್ಟೆ."

ಅಂಕಯ್ಯ ನಗು ತಡೆಯಲು ಮೀಸೆ ಸವರಿಕೊಂಡರು.

ಪಂಚರ ಎದುರು ಯಂತ್ರವನ್ನು ಮೇಲೆತ್ತಿ ಜಪ್ತಿ ಪಂಚನಾಮೆ ಬರೆಯಲಾಯಿತು. ಬಳಿಕ ಚೈತ್ರಾ ದಸ್ತಗಿರಿ ಮೆಮೊ ಬರೆದರು: 'ಆರೋಪಿಯನ್ನು 12.15ಕ್ಕೆ, ಷೋರೂಮಿನ ತೊಳೆಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ದಸ್ತಗಿರಿ ಮಾಡಲಾಯಿತು.' ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ಮಹೇಂದ್ರರಿಗೆ ಪೆನ್ನು ಕೊಟ್ಟರು.

"ಕೆಲಸ ಮಾಡುತ್ತಿದ್ದಾಗ ಅನ್ನೋದು ಬೇಕಾ ಮೇಡಂ?"

"ಸುಳ್ಳಾ?"

ಮಹೇಂದ್ರ ಸಹಿ ಹಾಕಿದರು.

ಚೈತ್ರಾ ಅದನ್ನು ಸಫೂರಾಗೆ ಓದಿ ಹೇಳಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಇದರದ್ದು ಒಂದು ಕಾಪಿ ನಂಗೆ ಸಿಗ್ತದಾ?"

"ಕೊಡಲೇಬೇಕಮ್ಮಾ. ಇನ್ನೊಂದು ಕಾರ್ಮಿಕ ಇಲಾಖೆಗೂ ಹೋಗುತ್ತೆ."

ಸಫೂರಾ ಕೈ ಒರೆಸಿಕೊಂಡು ಪ್ರತಿಯನ್ನು ತೆಗೆದುಕೊಂಡಳು. ಒದ್ದೆಯಾಗದಂತೆ ದುಪಟ್ಟಾದ ಒಣತುದಿಯಲ್ಲಿ ಸುತ್ತಿ ಜೀಪು ಹತ್ತಿದಳು. ಅವಳು ಕೆಲಸಕ್ಕೆ ಬಂದಿದ್ದಳೆಂದು ಮ್ಯಾನೇಜರ್ ಸಹಿ ಹಾಕಿದ ಮೊದಲ ಕಾಗದ ಅದು.